ಸಂಪಾದಕರ ಉತ್ತರ: ‘ರೊಕ್ಕ ಕೊಟ್ಟು ಓಡಾಕ ಹೋಗಿದ್ದೇನು?’

ಸಿಂಧನೂರು ಕಡೆಯ ಮಾಸ್ತರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ನಾಲ್ಕು ಪುಟ ಇದೆ. ಮುಖ್ಯ ಭಾಗ ಇಷ್ಟು:

“ನನಗೆ 46 ವರ್ಷ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಓಡಲು ಶುರು ಮಾಡಿದೆ. ಎರಡು ವರ್ಷ ಎಡದಂಡೆ ಕಾಲುವೆಯ ಬದಿಯಲ್ಲಿ ಓಡಿ, ಈ ಜನವರಿಯಲ್ಲಿ ಮುಂಬಯಿ ಮ್ಯಾರಥಾನ್‌ಗೆ ಹೋಗಿ ಪೂರ್ತಿ 42 ಕಿಲೋಮೀಟರ್ ಮುಗಿಸಿದೆ. ಕೊನೆಯ ಹತ್ತು ಕಿಲೋಮೀಟರ್ ಓಡಲಿಲ್ಲ, ಕುಂಟಿದೆ. 32ನೇ ಕಿಲೋಮೀಟರ್ ಹತ್ತಿರ ಫುಟ್‌ಪಾತ್ ಮೇಲೆ ಕೂತು ಅತ್ತುಬಿಟ್ಟೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಒಟ್ಟು ಆರು ಗಂಟೆ ಹತ್ತು ನಿಮಿಷ ಹಿಡಿಯಿತು. ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಯಿತು. ಊರಿಗೆ ಬಂದರೆ ಸ್ಟಾಫ್ ರೂಮಿನಲ್ಲಿ ‘ರೊಕ್ಕ ಕೊಟ್ಟು ಓಡಾಕ ಹೋಗಿದ್ದೇನು? ಎಷ್ಟನೇ ನಂಬರ್ ಬಂದಿ?’ ಎಂದು ಕೇಳಿದರು. ನಮ್ಮ ಭಾವ ಅಂತೂ ‘ಇದು ಸಾಹುಕಾರರ ಶೋಕಿ, ನಿನಗ್ಯಾಕ ಬೇಕಿತ್ತು’ ಅಂದರು. ಮೆಡಲ್ ಟ್ರಂಕಿನಲ್ಲಿ ಇಟ್ಟಿದ್ದೇನೆ. ಶಾಲೆಯ ಮಕ್ಕಳಿಗೆ ಹೇಳಿಲ್ಲ. ಭಾವನ ಮಾತಿನಲ್ಲಿ ಸತ್ಯ ಇದೆಯಾ? ಮತ್ತೆ ಹೋಗಲೋ ಬೇಡವೋ, ನೀವೇ ಹೇಳಿ.”

ಮಾಸ್ತರೇ, ಮೊದಲು ಆ ಮೆಡಲ್ ಟ್ರಂಕಿನಿಂದ ಹೊರಗೆ ತೆಗೆಯಿರಿ. ಉಳಿದದ್ದು ಆಮೇಲೆ ಮಾತಾಡೋಣ.

ನಿಮ್ಮ ಭಾವನವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಇಲ್ಲ ಅನ್ನಲ್ಲ. ದೊಡ್ಡ ಊರಿನ ಮ್ಯಾರಥಾನ್ ಅಂದರೆ ಕಂಪನಿಗಳ ಬ್ಯಾನರು, ಪ್ರವೇಶ ಶುಲ್ಕ, ಅದರ ಮೇಲೆ ರೈಲು, ಲಾಡ್ಜು, ಬೂಟು. ಎಲ್ಲ ಕೂಡಿಸಿದರೆ ಮಾಸ್ತರರ ಸಂಬಳಕ್ಕೆ ಸಣ್ಣ ಹೊರೆ ಅಲ್ಲ. ಖಾಲಿ ನೀರಿನ ಬಾಟಲಿಗಳು ರಸ್ತೆ ತುಂಬ ಉರುಳಾಡುತ್ತವೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಭಾವನವರು ಆ ರಸ್ತೆಯ ಬದಿಯಲ್ಲಿ ನಿಂತು ನೋಡಿಲ್ಲ. ನಾನು ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಡೊಂಬಿವಲಿಯ ತಂಗಿಯ ಮನೆಗೆ ಹೋಗಿದ್ದೆ. ಭಾನುವಾರ ನಸುಕಿನಲ್ಲಿ ಎಬ್ಬಿಸಿ, ಕೈಗೆ ಎರಡು ಚೀಲ ಕಿತ್ತಳೆ ಕೊಟ್ಟು, ‘ಏಳಣ್ಣ, ಲೋಕಲ್ ತಪ್ಪತದ’ ಅಂದಳು. ದಾದರ್‌ನಲ್ಲಿ ರೈಲು ಬದಲಿಸಿ, ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು, ನಡೆದುಕೊಂಡು ಪೆಡ್ಡರ್ ರೋಡ್ ಏರಿಗೆ ಹೋಗಿ ನಿಂತೆವು. ನಿಮಗೆ ಆ ಏರು ಚೆನ್ನಾಗಿ ನೆನಪಿರಬೇಕು, 35 ಕಿಲೋಮೀಟರ್ ಆಸುಪಾಸಿನಲ್ಲಿ, ಕಾಲು ಸೋತ ಮೇಲೆ ಬರುತ್ತದಲ್ಲ, ಅದೇ. ಗೆಲ್ಲಲು ಓಡುವ ಇಥಿಯೋಪಿಯಾ, ಕೆನ್ಯಾದವರು ಗಾಳಿ ಬೀಸಿದ ಹಾಗೆ ಹೋದರು, ಅವರಿಗೆ ನಮ್ಮ ಕಿತ್ತಳೆ ಬೇಕಿರಲಿಲ್ಲ. ನಮ್ಮ ಕೆಲಸ ಇದ್ದದ್ದು ಬಿಸಿಲು ಏರಿದ ಮೇಲೆ ಬರುವವರ ಹತ್ತಿರ. ಐವತ್ತು ದಾಟಿದ ಒಬ್ಬರು ಬಂದರು. ಕೆನ್ನೆಯ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ. ಎದೆಯ ಹತ್ತಿರ ಅಂಗಿಯ ಮೇಲೆ ಎರಡು ಸಣ್ಣ ರಕ್ತದ ಕಲೆ, ಬಟ್ಟೆ ಉಜ್ಜಿ ಉಜ್ಜಿ ಆದದ್ದು. ಕಿತ್ತಳೆಯ ತೊಳೆ ಚಾಚಿದೆ. ಕೈ ಮುಂದೆ ಬಂತು, ಆದರೆ ಬೆರಳು ಮಡಚಲು ಆಗಲಿಲ್ಲ. ತಂಗಿ ಬೀಜ ತೆಗೆದು ತೊಳೆಯನ್ನು ಅವರ ಬಾಯಿಗೇ ಇಟ್ಟಳು. ಮಗುವಿನ ಹಾಗೆ ತಿಂದರು. ಅವಳ ತಲೆಯ ಮೇಲೆ ಒಂದು ಸಲ ಕೈ ಇಟ್ಟು ಮುಂದೆ ಹೋದರು. ಒಂದು ಮಾತು ಆಡಲಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ಚಿಕ್ಕಿ ತಂದಿದ್ದರು, ಒಬ್ಬ ಹುಡುಗ ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು ಸ್ಪಂಜು ಅದ್ದಿ ಕೊಡುತ್ತಿದ್ದ. ಇವರಿಗೆಲ್ಲ ಯಾವ ಕಂಪನಿಯೂ ದುಡ್ಡು ಕೊಟ್ಟಿರಲಿಲ್ಲ.

ಇದನ್ನು ನಾನು ಮೊದಲು ಎಲ್ಲಿ ನೋಡಿದ್ದೆ ಗೊತ್ತಾ? ನಮ್ಮಲ್ಲೇ. ಯುಗಾದಿ ಮುಂಚೆ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ ಹೊರಟಾಗ. ನಾನು ಏಳೆಂಟು ವರ್ಷದ ಹುಡುಗ. ನಮ್ಮ ಅಜ್ಜಿ ಮನೆ ಮುಂದೆ ಹಂಡೆಯಲ್ಲಿ ನೀರು ಕಾಯಿಸಿ, ಯಾತ್ರಿಗಳನ್ನು ಕಟ್ಟೆಯ ಮೇಲೆ ಕೂರಿಸಿ, ಕಾಲು ತೊಳೆದು ಎಣ್ಣೆ ಹಚ್ಚುತ್ತಿದ್ದಳು. ಅಂಗಾಲಿನ ಗುಳ್ಳೆಗೆ ಸೂಜಿಯಲ್ಲಿ ದಾರ ಪೋಣಿಸಿ ನೀರು ಇಳಿಸುವುದನ್ನು ನಾನು ದೀಪ ಹಿಡಿದುಕೊಂಡು ನೋಡಿದ್ದೇನೆ. ದಾರಿಯುದ್ದಕ್ಕೂ ಊರೂರಿನವರು ಮಜ್ಜಿಗೆ, ರೊಟ್ಟಿ, ಶೇಂಗಾ ಹಿಂಡಿ ಹಿಡಿದು ನಿಂತಿರುತ್ತಿದ್ದರು. ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದರು. ಮೊದಲು ಯಾರು ತಲುಪಿದರು ಎಂದು ಯಾರೂ ಕೇಳುತ್ತಿರಲಿಲ್ಲ. ರಾಯಚೂರಿನಿಂದ ಮಂತ್ರಾಲಯಕ್ಕೆ ಸುಮಾರು 45 ಕಿಲೋಮೀಟರ್, ಹರಕೆ ಹೊತ್ತು ನಡೆದು ಹೋಗುವವರು ಈಗಲೂ ಇದ್ದಾರೆ. ಅವರಿಗೆ ‘ಎಷ್ಟನೇ ನಂಬರ್ ಬಂದಿ’ ಎಂದು ನಿಮ್ಮ ಸ್ಟಾಫ್ ರೂಮಿನವರು ಕೇಳುತ್ತಾರಾ? ಕೇಳಲ್ಲ. ಕಾಲು ಹಿಡಿದು ನಮಸ್ಕಾರ ಮಾಡುತ್ತಾರೆ. ನೀವೂ ಹೆಚ್ಚುಕಡಿಮೆ ಅಷ್ಟೇ ದೂರ ಹೋಗಿ ಬಂದಿದ್ದೀರಿ.

ಸಾಹುಕಾರರ ಶೋಕಿ ಅನ್ನುವ ಮಾತಿಗೂ ಉತ್ತರ ಇದೆ. 1896ರಲ್ಲಿ ಅಥೆನ್ಸ್‌ನ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ನೀರು ಹೊತ್ತು ಮಾರುವ ಕೆಲಸ ಮಾಡುತ್ತಿದ್ದವನು. 1960ರಲ್ಲಿ ರೋಮ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ. ಅಷ್ಟು ದೂರ ಯಾಕೆ, ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ಅದಕ್ಕೂ ಒಂದು ವರ್ಷ ಮುಂಚೆ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದರು. ಭಾರತ ಒಲಿಂಪಿಕ್ಸ್‌ಗೆ ತಂಡ ಕಳಿಸುವ ಯೋಚನೆ ಬಲವಾದದ್ದೇ ಆಗ. ನೂರು ವರ್ಷ ದಾಟಿತು. ಚೌಗುಲೆ ಅವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ನೀವು ಮಾಸ್ತರು, ನಿಮ್ಮನ್ನೇ ಕೇಳುತ್ತೇನೆ.

ಇನ್ನು ಆ ಅಳು. ಅದಕ್ಕೆ ನಾಚಿಕೊಳ್ಳಬೇಡಿ. ನಮ್ಮ ಮೈ ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇಟ್ಟುಕೊಂಡಿರುತ್ತದೆ. ಬಹಳ ಜನರಿಗೆ 30–32 ಕಿಲೋಮೀಟರ್ ಹೊತ್ತಿಗೆ ಅದು ತಳ ಕಾಣುತ್ತದೆ. ಆಮೇಲೆ ಮೈ ಕೊಬ್ಬನ್ನೇ ಹೆಚ್ಚಾಗಿ ಸುಡಬೇಕು, ಅದು ನಿಧಾನದ ಕೆಲಸ. ಮೆದುಳಿಗೂ ಸಕ್ಕರೆ ಕಡಿಮೆ ಬಿದ್ದಾಗ ಸಿಟ್ಟು ಬರುತ್ತದೆ, ತಲೆ ಮಂಕಾಗುತ್ತದೆ, ಕಾರಣ ಇಲ್ಲದೆ ಅಳು ಬರುತ್ತದೆ. ಓಡುವವರು ಇದನ್ನು ‘ಗೋಡೆ’ ಅನ್ನುತ್ತಾರೆ. ನೀವು ಗೋಡೆಗೆ ಗುದ್ದಿ, ಕೂತು, ಅತ್ತು, ಮತ್ತೆ ಎದ್ದಿದ್ದೀರಿ. ನಾಲ್ಕು ಪುಟದ ಪತ್ರದಲ್ಲಿ ಎದ್ದದ್ದಕ್ಕೆ ಒಂದು ಸಾಲು ಕೂಡ ಕೊಟ್ಟಿಲ್ಲ, ಉಗುರು ಬಿದ್ದದ್ದಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ! ಇನ್ನೊಂದು ಲೆಕ್ಕ ಹಾಕಿ ನೋಡಿ. ಮೊದಲು ಬಂದವರು ರಸ್ತೆಯಲ್ಲಿ ಇರುವುದು ಎರಡು ಗಂಟೆ ಹತ್ತು ನಿಮಿಷದ ಆಸುಪಾಸು. ನೀವು ಅದರ ಹೆಚ್ಚುಕಡಿಮೆ ಮೂರು ಪಟ್ಟು ಹೊತ್ತು ಇದ್ದಿರಿ, ಅದೂ ಮುಂಬಯಿಯ ಜಿಗುಟು ಬಿಸಿಲಿನಲ್ಲಿ. ನಿಧಾನಕ್ಕೆ ಓಡುವವನು ಕಡಿಮೆ ಕಷ್ಟ ಪಡುತ್ತಾನೆ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಬಿದ್ದು ಮೊಣಕಾಲು ಪೆಟ್ಟಾಗಿ, ಬ್ಯಾಂಡೇಜ್ ಸುತ್ತಿಕೊಂಡು, ಕತ್ತಲಾದ ಮೇಲೆ ಕೊನೆಯವನಾಗಿ ಸ್ಟೇಡಿಯಂ ಒಳಗೆ ಬಂದ. ಆ ವರ್ಷ ಗೆದ್ದವನ ಹೆಸರು ಎಷ್ಟು ಜನರಿಗೆ ನೆನಪಿದೆ? ಅಖ್ವಾರಿಯನ್ನು ಜಗತ್ತು ಮರೆತಿಲ್ಲ.

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಕೊರೆಯುತ್ತಿರುವ ಮಾತು. ದೊಡ್ಡ ಊರಿನ ಮ್ಯಾರಥಾನ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಓಟ ಅಲ್ಲ, ರಸ್ತೆ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಉಳಿದ ದಿನ ಕಾಲಿಡಲು ಬಿಡುವುದಿಲ್ಲ, ನಡೆಯುವವರಿಗೂ ಇಲ್ಲ, ಬೈಕ್‌ಗೂ ಇಲ್ಲ. ಕಾರಿದ್ದವರ ಸೇತುವೆ ಅದು. ಮ್ಯಾರಥಾನ್ ದಿನ ನೀವು, ಸಿಂಧನೂರಿನ ಮಾಸ್ತರು, ಎರಡೂ ಕಡೆ ಸಮುದ್ರ ನೋಡುತ್ತ ಅದರ ಮೇಲೆ ಓಡಿದಿರಿ. ನ್ಯೂಯಾರ್ಕ್‌ನಲ್ಲಿ 1970ರಲ್ಲಿ ಮ್ಯಾರಥಾನ್ ಶುರುವಾದಾಗ ಒಂದು ಪಾರ್ಕಿನೊಳಗೇ ಸುತ್ತು ಹಾಕುತ್ತಿದ್ದರು. 127 ಜನ ಹೊರಟು 55 ಜನ ಮುಗಿಸಿದರು. 1976ರಲ್ಲಿ ಅದನ್ನು ಊರಿನ ಐದೂ ಭಾಗದ ಬೀದಿಗಳಿಗೆ ತಂದರು. ಈಗ ಐವತ್ತು ಸಾವಿರಕ್ಕೂ ಜಾಸ್ತಿ ಜನ ಮುಗಿಸುತ್ತಾರೆ. ಓಟ ಪಾರ್ಕ್ ಬಿಟ್ಟು ಬೀದಿಗೆ ಬಂದದ್ದರಿಂದ ಅದು ಊರಿನ ಹಬ್ಬ ಆಯಿತು.

ನಮ್ಮ ಊರುಗಳ ರಸ್ತೆ ಯಾರದ್ದು? ರಾಯಚೂರಿನಲ್ಲಿ ಬೆಳಗಿನ ನಾಲ್ಕೂವರೆಗೆ ಬೈಪಾಸ್ ಕಡೆ ಹೋಗಿ ನೋಡಿ. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ, ಅಗ್ನಿವೀರ ಭರ್ತಿಗೆ ಹುಡುಗರು ತಯಾರಿ ಮಾಡುತ್ತಿರುತ್ತಾರೆ. ಬೀದಿ ದೀಪ ಇಲ್ಲ. ಒಬ್ಬ ಮುಂದೆ ಮೊಬೈಲ್ ಟಾರ್ಚ್ ಹಿಡಿದು ಓಡುತ್ತಾನೆ, ಹಿಂದೆ ಆರು ಜನ. ಪಕ್ಕದಲ್ಲಿ ಮೊಳ ದೂರದಲ್ಲಿ ಭತ್ತದ ಲಾರಿ, ಮರಳಿನ ಲಾರಿ. ಬಳ್ಳಾರಿ ಕಡೆ ಹೋದರೆ ಅದಿರಿನ ಲಾರಿ, ಕೆಂಪು ಧೂಳು. ‘ಮೈದಾನ ಇದೆಯಲ್ಲ’ ಅನ್ನಬಹುದು. ನಮ್ಮ ಮನೆ ಹತ್ತಿರದ ಮೈದಾನವನ್ನು ಪ್ರತಿ ವರ್ಷ ವಸ್ತುಪ್ರದರ್ಶನಕ್ಕೆ ಬಾಡಿಗೆ ಕೊಡುತ್ತಾರೆ. ಶಾಮಿಯಾನ ಕಿತ್ತುಕೊಂಡು ಹೋಗುತ್ತಾರೆ, ನೆಲಕ್ಕೆ ಹೊಡೆದ ಕಬ್ಬಿಣದ ಗೂಟ ಹಾಗೇ ಬಿಡುತ್ತಾರೆ. ಹೋದ ವರ್ಷ ನನ್ನ ಕಣ್ಣೆದುರೇ ಒಬ್ಬ ಹುಡುಗನ ಕಾಲು ಅದಕ್ಕೆ ಸಿಕ್ಕಿತು. ಕ್ಯಾನ್ವಾಸ್ ಬೂಟು ಹರಿದು ಪಾದ ಸೀಳಿತ್ತು. ‘ಹನ್ನೆರಡು ದಿನಕ್ಕ ಫಿಸಿಕಲ್ ಐತ್ರಿ’ ಎಂದು ಅವನು ರಕ್ತದ ಕಡೆ ನೋಡದೆ ನನ್ನ ಮುಖ ನೋಡಿ ಹೇಳಿದ. ನನ್ನ ಹತ್ತಿರ ಕರ್ಚೀಫು ಬಿಟ್ಟು ಬೇರೇನೂ ಇರಲಿಲ್ಲ. ಆ ಮೈದಾನದವರಿಗೆ ಎರಡು ಸಲ ಮನವಿ ಕೊಟ್ಟಿದ್ದೇವೆ. ಗೂಟ ಇನ್ನೂ ಇವೆ.

ಹೆಣ್ಣುಮಕ್ಕಳ ಕಷ್ಟ ಇದಕ್ಕಿಂತ ಜಾಸ್ತಿ. ಅವರು ಬೈಪಾಸ್‌ಗೆ ಹೋಗುವ ಹಾಗಿಲ್ಲ. ಬೆಳಕಾದ ಮೇಲೆ ಓಡಿದರೆ ನಿಂತು ನೋಡುವವರು, ಬೈಕ್ ನಿಧಾನ ಮಾಡುವವರು. 1967ರಲ್ಲಿ ಬೋಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡುವಾಗ ಓಟದ ಅಧಿಕಾರಿಯೇ ಬಂದು ಅವಳ ನಂಬರ್ ಚೀಟಿ ಕಿತ್ತುಕೊಳ್ಳಲು ನೋಡಿದ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ನಮ್ಮಲ್ಲಿ ಚೀಟಿ ಕೀಳುವ ಅಧಿಕಾರಿ ಬೇಕಾಗಿಯೇ ಇಲ್ಲ, ಬೀದಿಯ ಕಣ್ಣುಗಳೇ ಆ ಕೆಲಸ ಮಾಡುತ್ತವೆ. ದುಪಟ್ಟಾ ಸೊಂಟಕ್ಕೆ ಬಿಗಿದು, ಅಪ್ಪನನ್ನು ಸೈಕಲ್ ಮೇಲೆ ಕಾವಲಿಗೆ ಕರೆದುಕೊಂಡು ಓಡುವ ಹುಡುಗಿಯನ್ನು ನಾನು ದಿನಾ ನೋಡುತ್ತೇನೆ. ಅವಳಿಗೆ ಬೇಕಿರುವುದು 400 ಮೀಟರ್ ಸಮನಾದ ನೆಲ. ಅಷ್ಟೂ ಕೊಡಲು ಆಗಿಲ್ಲ ನಮ್ಮ ಕೈಯಲ್ಲಿ.

ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. ಆಗ ಊರು ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಡುತ್ತದೆ, ಬಂದವರಿಗೆಲ್ಲ ಊಟ ಹಾಕುತ್ತದೆ. ಅಂದರೆ ನಮಗೆ ಇದು ಬರದ ವಿದ್ಯೆ ಅಲ್ಲ. ಡಿಸೆಂಬರ್‌ನ ಒಂದು ಭಾನುವಾರ, ಚಳಿ ಇರುವಾಗ, ಬೆಳಗಿನ ಐದರಿಂದ ಎಂಟರವರೆಗೆ ರಾಯಚೂರಿನ ಒಂದೇ ಒಂದು ಮುಖ್ಯ ರಸ್ತೆಯಲ್ಲಿ ಗಾಡಿಗಳ ಓಡಾಟ ನಿಲ್ಲಿಸಲಿ. ಬ್ಯಾನರ್ ಬೇಡ, ಶುಲ್ಕ ಬೇಡ, ವೇದಿಕೆ ಮೇಲೆ ಭಾಷಣವೂ ಬೇಡ. ಫಿಸಿಕಲ್‌ಗೆ ತಯಾರಾಗುವ ಹುಡುಗ ಹುಡುಗಿಯರು ಓಡಲಿ, ಸಕ್ಕರೆ ಕಾಯಿಲೆಯವರು ನಡೆಯಲಿ. ಮನೆ ಮುಂದೆ ಒಂದು ಕೊಡ ನೀರು ಇಡುವುದು ನಮ್ಮ ಅವ್ವಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಕ್ಕಳಿಗೆ ಹೇಳಿಲ್ಲ ಎಂದು ಬರೆದಿದ್ದೀರಿ. ಅದು ನಿಮ್ಮದೇ ತಪ್ಪು ಮಾಸ್ತರೇ, ಭಾವನದ್ದಲ್ಲ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮೆಡಲ್ ಕೈಯಿಂದ ಕೈಗೆ ಹೋಗಲಿ, ಕೊರಳಿಗೆ ಹಾಕಿಕೊಂಡು ನೋಡಲಿ. 32ನೇ ಕಿಲೋಮೀಟರ್‌ನಲ್ಲಿ ಅತ್ತದ್ದನ್ನೂ ಬಿಡದೆ ಹೇಳಿ. ತಮ್ಮ ಸರ್ ಅತ್ತು ಎದ್ದು ಓಡಿದ್ದಾರೆ ಎಂದು ಗೊತ್ತಾದರೆ ಗಣಿತದಲ್ಲಿ ಫೇಲಾದ ಹುಡುಗನೂ ತಲೆ ಎತ್ತಿ ಕೇಳುತ್ತಾನೆ.

ಮತ್ತೆ ಹೋಗಲೋ ಬೇಡವೋ ಅಂದಿರಿ. ಹೋಗಿ. ಮೊದಲು ಡಾಕ್ಟರ ಹತ್ತಿರ ಹೃದಯ, ಸಕ್ಕರೆ ಎರಡೂ ತಪಾಸಣೆ ಮಾಡಿಸಿ. ಬೂಟು ಅರ್ಧ ಇಂಚು ದೊಡ್ಡದು ತೆಗೆದುಕೊಳ್ಳಿ, ಉಗುರು ಉಳಿಯುತ್ತದೆ. ಕಾಲುವೆ ದಂಡೆ ಸಮತಟ್ಟು, ಅಲ್ಲಿ ಓಡಿದರೆ ಪೆಡ್ಡರ್ ರೋಡ್ ಏರಿಗೆ ತಯಾರಿ ಆಗುವುದಿಲ್ಲ. ತಿಂಗಳಿಗೆ ಎರಡು ಸಲ ಗಂಗಾವತಿ ಬಸ್ ಹತ್ತಿ ಅಂಜನಾದ್ರಿಗೆ ಹೋಗಿ, 575 ಮೆಟ್ಟಿಲಿವೆ, ನಿಧಾನಕ್ಕೆ ಹತ್ತಿ ಇಳಿಯಿರಿ. 25 ಕಿಲೋಮೀಟರ್ ದಾಟುವ ಮುಂಚೆಯೇ ಬಾಳೆಹಣ್ಣೋ ಖರ್ಜೂರವೋ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋಗಿ, ಹಸಿವಾಗುವ ತನಕ ಕಾಯಬೇಡಿ. ಎಷ್ಟು, ಯಾವಾಗ ಅನ್ನುವುದನ್ನು ನಿಮ್ಮ ಸಕ್ಕರೆ ನೋಡುವ ಡಾಕ್ಟರನ್ನೇ ಕೇಳಿ.

ಹೊರಡುವ ಮುಂಚೆ ನನಗೊಂದು ಕಾರ್ಡ್ ಹಾಕಿ. ಜನವರಿಗೆ ತಂಗಿಯ ಮನೆಗೆ ನಾನೂ ಬರುತ್ತೇನೆ. ಪೆಡ್ಡರ್ ರೋಡ್ ಏರಿನಲ್ಲಿ, ಎಡಗಡೆ, ಕಿತ್ತಳೆ ಸುಲಿದುಕೊಂಡು ನಿಂತಿರುತ್ತೇವೆ. ಯಾವ ಬಣ್ಣದ ಅಂಗಿ ಹಾಕಿಕೊಳ್ಳುತ್ತೀರಿ ಅನ್ನುವುದನ್ನು ಮರೆಯದೆ ಬರೆಯಿರಿ.