ಜುಲೈಯಲ್ಲಿ ಉಡುಪಿಯಿಂದ ಮುಂಬೈಗೆ: ಮೊದಲು ಒಂದು ದಪ್ಪ ಪ್ಲಾಸ್ಟಿಕ್ ತೊಟ್ಟೆ ತನ್ನಿ

ನೆಕ್ ಪಿಲ್ಲೊ, ಪ್ಯಾಕಿಂಗ್ ಕ್ಯೂಬು, ಬ್ಯಾಗಿನ ತೂಕ ನೋಡುವ ಕೊಕ್ಕೆ, ರೈನ್ ಕವರ್ ಇರುವ ಹೊಸ ಟ್ರಾಲಿ, ಐದು ಸಾವಿರದೊಳಗೆ ಯಾವುದೆಲ್ಲ ತಗೊಳ್ಳಲಿ, ಜುಲೈಯಲ್ಲಿ ಇಂಟರ್‌ವ್ಯೂಗೆ ರೈಲಲ್ಲಿ ಮುಂಬೈಗೆ ಹೋಗಿ ವಿಮಾನದಲ್ಲಿ ವಾಪಸ್ ಬರ್ಲಿಕ್ಕುಂಟು ಅಂತ ಕೇಳಿದ್ದೀರಿ. ಮಾರಾಯ್ರೆ, ಇದು ನನ್ನದೇ 2014ರ ಪಟ್ಟಿ. ತೂಕದ ಕೊಕ್ಕೆ ಒಂದನ್ನು ಮಾತ್ರ ನಾನು ತಗೊಂಡಿರಲಿಲ್ಲ.

ಅದೂ ಜುಲೈಯೇ, ಅದೂ ಇಂಟರ್‌ವ್ಯೂಗೇ. ಮತ್ಸ್ಯಗಂಧ ರೈಲಿನಲ್ಲಿ ಸ್ಲೀಪರ್ ಟಿಕೆಟ್. ಹೊಸ ಟ್ರಾಲಿ, ಅದಕ್ಕೆ ಸರಿಯಾಗಿ ಕೂರುವ ಹಳದಿ ರೈನ್ ಕವರ್. ಮಳೆಗೆ ಇನ್ನೇನು ಹೆದರಿಕೆ ಅಂತ ಗತ್ತಿನಲ್ಲೇ ಇಂದ್ರಾಳಿ ಸ್ಟೇಷನ್‌ನಲ್ಲಿ ರಿಕ್ಷಾ ಇಳಿದೆ. ನನ್ನ ಬೋಗಿ ನಿಲ್ಲುವ ಜಾಗ ಮಾಡಿನಿಂದ ಆಚೆಗಿತ್ತು. ಕೊಡೆ ಬಿಡಿಸಿ, ಬ್ಯಾಗನ್ನು ಕಾಲಿನ ಹತ್ತಿರ ನಿಲ್ಲಿಸಿಕೊಂಡು ಮುಕ್ಕಾಲು ಗಂಟೆ ಕಾದೆ. ಜುಲೈ ಮಳೆ ನಿಮಗೆ ಗೊತ್ತಲ್ಲ, ಮೇಲಿನಿಂದ ಬಿದ್ದದ್ದು ಅರ್ಧ, ನೆಲಕ್ಕೆ ಬಡಿದು ಹಾರಿದ್ದು ಅರ್ಧ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ.

ಟ್ರಾಲಿಯ ಹ್ಯಾಂಡಲ್ ಮೇಲೆಳೆದು ನೋಡಿ. ಎರಡು ಕೊಳವೆ ಮೇಲೆ ಬರುತ್ತವೆ. ಅವು ಇಳಿಯುವುದು ಬ್ಯಾಗಿನ ಒಳಗೇ, ಬೆನ್ನಿನ ಭಾಗದಲ್ಲಿ, ಒಳಗಿನ ಅಸ್ತರು ಬಟ್ಟೆಯ ಹಿಂದೆ. ಕೊಳವೆ ಹೊರಗೆ ಬರುವ ತೂತಿಗೆ ರಬ್ಬರೂ ಇಲ್ಲ, ಮುಚ್ಚಳವೂ ಇಲ್ಲ. ರೈನ್ ಕವರಿನಲ್ಲೂ ಹ್ಯಾಂಡಲ್ ಹೊರಗೆ ಬರಲಿಕ್ಕೆ ಅಲ್ಲೇ ಕತ್ತರಿಸಿ ಜಾಗ ಬಿಟ್ಟಿರುತ್ತಾರೆ. ಅಂದರೆ ಇಡೀ ಬ್ಯಾಗಿನಲ್ಲಿ ನೀರು ಸಲೀಸಾಗಿ ಇಳಿಯುವ ಜಾಗ ಯಾವುದೋ, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕವರ್ ಮುಚ್ಚುತ್ತದೆ. ಅದರ ಮೇಲೆ ನಾನು ಹಿಡಿದ ಕೊಡೆ. ಕೊಡೆಯ ಕಡ್ಡಿಯ ತುದಿಯಿಂದ ನೀರು ದಾರದ ಹಾಗೆ ನೇರ ಆ ಹ್ಯಾಂಡಲ್ ಮೇಲೆಯೇ ಬೀಳುತ್ತಿತ್ತು. ಕಣ್ಣಾರೆ ನೋಡಿದ್ದೇನೆ. ಕವರ್ ಉಂಟಲ್ಲ ಅಂತ ಸುಮ್ಮನಿದ್ದೆ.

ಮಾರ್ಕ್ಸ್ ಕಾರ್ಡು ಎಲ್ಲಿಟ್ಟಿದ್ದೆ ಗೊತ್ತುಂಟಾ? ಮಡಿಕೆ ಬೀಳಬಾರದು ಅಂತ ಆ ಎರಡು ಕೊಳವೆಗಳ ನಡುವಿನ ಚಪ್ಪಟೆ ಜಾಗದಲ್ಲಿ, ಅಸ್ತರಿನ ಜಿಪ್ ತೆಗೆದು, ಹಿಂದುಗಡೆ! ರಟ್ಟಿನ ಫೈಲಿನಲ್ಲಿ. ಫೈಲು ನೀರು ಕುಡಿದು ಹಪ್ಪಳದ ಹಿಟ್ಟಿನಂತಾಗಿತ್ತು. ಬಟ್ಟೆಗಳಿಗೆ ಏನೂ ಆಗಿರಲಿಲ್ಲ, ಹಾಗಾಗಿ ರಾತ್ರಿ ರೈಲಿನಲ್ಲಿ ಬ್ಯಾಗು ತೆರೆದಾಗಲೂ ಗೊತ್ತಾಗಲಿಲ್ಲ.

ಬೆಳಗ್ಗೆ ಠಾಣೆಯಲ್ಲಿ ಇಳಿದು ಚಿಕ್ಕಮ್ಮನ ಮನೆಗೆ ಹೋಗಿ ನೋಡಿದರೆ ಆರನೇ ಸೆಮಿಸ್ಟರಿನ ಕಾರ್ಡಿನ ನೀಲಿ ಸೀಲು ಐದನೆಯದರ ಬೆನ್ನಿಗೆ ಅಂಟಿತ್ತು. ಚಿಕ್ಕಮ್ಮ ಏನೂ ಮಾತಾಡದೆ ನನ್ನ ಬೈರಾಸು (ಮೈ ಒರೆಸುವ ಟವೆಲು) ಹಾಸಿ, ಮೇಲೊಂದು ಹಳೇ ವೇಷ್ಟಿ ಮುಚ್ಚಿ, ಒಂದೊಂದೇ ಕಾರ್ಡಿಗೆ ಇಸ್ತ್ರಿ ಹಾಕಿದರು. ಕಾಗದ ಒಣಗಿತು, ಸಹಿ ಮಾತ್ರ ಅರ್ಧ ವೇಷ್ಟಿಗೆ ಬಂತು. ಕೆಲಸವೇನೋ ಸಿಕ್ಕಿತು. ಆದರೆ ಮೂಲ ದಾಖಲೆ ಓದುವ ಹಾಗಿಲ್ಲ, ಎರಡನೇ ಪ್ರತಿ ತಂದ ಮೇಲೆಯೇ ಸೇರಿಕೊಳ್ಳಿ ಅಂದರು. ಅರ್ಜಿ, ಅಫಿಡವಿಟ್ ಅಂತ ಐದು ವಾರ ಹೋಯಿತು. ಐದು ವಾರದ ಸಂಬಳಕ್ಕೆ ಅಂಥ ಟ್ರಾಲಿ ಎಷ್ಟು ಬರುತ್ತಿತ್ತು ಅಂತ ಇವತ್ತಿಗೂ ಲೆಕ್ಕ ಹಾಕುತ್ತೇನೆ. (ಡಿಜಿಲಾಕರ್ ಬಂದದ್ದು ಮರುವರ್ಷ, 2015ರಲ್ಲಿ. ನೀವು ಅದರಲ್ಲಿ ಸಿಗುವುದನ್ನೆಲ್ಲ ಇವತ್ತೇ ಇಳಿಸಿಟ್ಟುಕೊಳ್ಳಿ.)

ಹಾಗಾಗಿ ನಿಮ್ಮ ಪಟ್ಟಿಯೇ ನನಗೆ ಸರಿ ಕಾಣುವುದಿಲ್ಲ. ಪ್ರಯಾಣ ಸುಲಭ ಮಾಡುವ ಸಾಮಾನು ಅಂತ ಮಾರುವುದರಲ್ಲಿ ಹೆಚ್ಚಿನವು ನಮ್ಮೂರಿನ ಮಳೆಗೆ ಮಾಡಿದ್ದೇ ಅಲ್ಲ. ಮಳೆಗಾಲಕ್ಕೆ ಅಡಿಕೆ ಕಟ್ಟಿಡುವಾಗ ಗೋಣಿಯೊಳಗೆ ದಪ್ಪ ಪ್ಲಾಸ್ಟಿಕ್ ತೊಟ್ಟೆ ಹಾಕುತ್ತಾರಲ್ಲ, ಅಂಥದ್ದು ಒಂದು ತನ್ನಿ. ಇರುವ ಹಳೇ ಬ್ಯಾಗಿನೊಳಗೆ ಅದನ್ನಿಟ್ಟು, ಎಲ್ಲ ಸಾಮಾನು ಅದರೊಳಗೆ ತುಂಬಿಸಿ, ಬಾಯಿ ತಿರುಚಿ ರಬ್ಬರ್ ಹಾಕಿ. ಬ್ಯಾಗು ಒದ್ದೆಯಾದರೆ ಆಗಲಿ. ಸರ್ಟಿಫಿಕೇಟು ಮಾತ್ರ ಬೇರೆ ತೊಟ್ಟೆಯಲ್ಲಿ, ಹೆಗಲ ಚೀಲದಲ್ಲಿ.

ನೆಕ್ ಪಿಲ್ಲೊ ಬೇಡವೇ ಬೇಡ. ಬರ್ತಿನಲ್ಲಿ ಉದ್ದಕ್ಕೆ ಮಲಗುವವರಿಗೆ ಅದು ಎಂತಕ್ಕೆ? ಎರಡು ಬೈರಾಸು ಇಟ್ಟುಕೊಳ್ಳಿ, ಮಡಚಿದರೆ ದಿಂಬು, ಬಿಡಿಸಿದರೆ ಹೊದಿಕೆ, ಒದ್ದೆಯಾದರೆ ಕಿಟಕಿಯ ಸರಳಿಗೆ ಕಟ್ಟಿದರೆ ಒಣಗುತ್ತದೆ. ಮೂರು ದಿನದ ಬಟ್ಟೆಗೆ ಕ್ಯೂಬೂ ಬೇಡ. ದುಡ್ಡು ಹಾಕುವುದಾದರೆ ಚೈನು, ಬೀಗಕ್ಕೆ ಹಾಕಿ, ಕೆಳಗಿನ ಬರ್ತಿನಡಿ ಕಟ್ಟಲಿಕ್ಕೆ ಕಬ್ಬಿಣದ ಬಳೆ ಇರುತ್ತದೆ. ಮತ್ತೊಂದು ಪವರ್ ಬ್ಯಾಂಕ್. ರಾತ್ರಿ ಬೋಗಿಯ ಚಾರ್ಜಿಂಗ್ ಪಾಯಿಂಟ್ ನಂಬಿ ಕೂರಬೇಡಿ, ಕೊಂಕಣ ರೈಲಿನ ಸುರಂಗಗಳಲ್ಲಿ ಫೋನು ಸಿಗ್ನಲ್ ಹುಡುಕಿ ಹುಡುಕಿಯೇ ಚಾರ್ಜು ಮುಗಿಸುತ್ತದೆ. 20,000 ಎಂಎಎಚ್ ಸಾಕು. ಅದನ್ನು 3.7 ವೋಲ್ಟಿಗೆ ಲೆಕ್ಕ ಹಾಕಿದರೆ 74 ವ್ಯಾಟ್-ಅವರ್, ವಿಮಾನದವರ 100ರ ಮಿತಿಯೊಳಗೇ ಬರುತ್ತದೆ. ಆದರೆ ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಕರೆಸಿ ತೆಗೆಸುತ್ತಾರೆ. ಮುಂದೆ ಯಾವತ್ತಾದರೂ ಬಜ್ಪೆಯಿಂದ ವಿಮಾನ ಹತ್ತುವಾಗ ಅಮ್ಮ ಒಣ ಕೊಬ್ಬರಿ ಕಟ್ಟಿಕೊಟ್ಟರೆ ಅದನ್ನೂ ಮನೆಯಲ್ಲೇ ಬಿಡಿ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ಅದನ್ನು ಬಿಡುವುದಿಲ್ಲ.

ರೈಲಿನ ಸಮಯ ಇನ್ನೊಮ್ಮೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ.

ಟ್ರಾಲಿ ಬೇಕೇ ಬೇಕು ಅಂತಿದ್ದರೆ ಯಾರದಾದರೂ ಮನೆಯದ್ದನ್ನು ತಂದು ಒಳಗೆ ಒಂದು ಪೇಪರ್ ಹಾಸಿ, ರೈನ್ ಕವರ್ ಹಾಕಿ, ಹ್ಯಾಂಡಲ್ ಮೇಲೆಳೆದು ಬಚ್ಚಲಲ್ಲಿ ನಿಲ್ಲಿಸಿ. ಹ್ಯಾಂಡಲ್ ಮೇಲೆ ನಿಧಾನಕ್ಕೆ ಎರಡು ಚೊಂಬು ನೀರು ಹೊಯ್ಯಿರಿ. ಹತ್ತು ನಿಮಿಷ ಬಿಟ್ಟು ಅಸ್ತರಿನ ಜಿಪ್ ತೆಗೆದು ಕೈ ಹಾಕಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.