ನಕ್ಷತ್ರಗಳ ದೂರ, ವಯಸ್ಸು ಅಳೆಯಬೇಕು. ಯಾವ ಟೆಲಿಸ್ಕೋಪ್ ಕೊಳ್ಳಲಿ?

ಕೊಳ್ಳಲೇಬೇಡಿ. ನಾನು ಕೊಂಡಿದ್ದೆ, ಈಗ ಚಂದ್ರನನ್ನು ನೋಡಲಷ್ಟೇ ಬಳಸುತ್ತೇನೆ. ಒಂದು ನಕ್ಷತ್ರವನ್ನು ದಿನಾ ನೋಡುತ್ತಿದ್ದರೆ ಅದು ಬದಲಾಗುವುದು ಕಾಣುತ್ತದೆ ಅಂತ ನಿಮಗೂ ಅನಿಸಿದೆ, ಅಲ್ವಾ? ಸೂರ್ಯನಂಥ ನಕ್ಷತ್ರದ ಆಯಸ್ಸು ಸುಮಾರು 1,000 ಕೋಟಿ ವರ್ಷ. ನೀವೂ ನಾನೂ ಕಾದು ನೋಡುವ ಮಾತಲ್ಲ ಅದು.

ವಿಜ್ಞಾನಿಗಳು ಇದಕ್ಕೆ ನಕ್ಷತ್ರಗುಚ್ಛಗಳನ್ನು ಹಿಡಿಯುತ್ತಾರೆ. ಒಂದು ಗುಚ್ಛದ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು. ತೂಕ ಮಾತ್ರ ಬೇರೆ. ತೂಕ ಜಾಸ್ತಿ ಇದ್ದದ್ದು ಒಡಲಿನ ಹೈಡ್ರೋಜನ್ ಬೇಗ ಮುಗಿಸಿ ಕೆಂಪು ದೈತ್ಯ, ಅಂದರೆ ಉಬ್ಬಿ ಕೆಂಪಾದ ನಕ್ಷತ್ರ, ಆಗುತ್ತದೆ. ಬಣ್ಣಕ್ಕೆ ಎದುರಾಗಿ ನಿಜವಾದ ಹೊಳಪಿನ ಗ್ರಾಫ್ ಹಾಕಿ. ನಕ್ಷತ್ರಗಳ ಸಾಲು ದೈತ್ಯರ ಕಡೆ ತಿರುಗುವ ಜಾಗ ಎಷ್ಟು ಮಂಕಾಗಿದೆಯೋ ಗುಚ್ಛ ಅಷ್ಟು ಹಳೆಯದು.

ನಾನು ಕಾಲೇಜಿನ ಪ್ರಾಜೆಕ್ಟಿಗೆ ಎಂ67 ಗುಚ್ಛ ಆರಿಸಿಕೊಂಡೆ. ಗಾಯಾ ಉಪಗ್ರಹ ಅಳೆದ ಪ್ಯಾರಲಾಕ್ಸ್ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಜಾಗ ಬದಲಿಸಿದಂತೆ ಕಾಣುತ್ತದಲ್ಲ, ಆ ಕೋನ. 1838ರಲ್ಲಿ ಖಗೋಳ ವಿಜ್ಞಾನಿ ಬೆಸೆಲ್ 61 ಸಿಗ್ನಿ ಅನ್ನೋ ನಕ್ಷತ್ರದ ದೂರ ಅಳೆದದ್ದೂ ಹೀಗೇ. ಕೋನವನ್ನು ತಲೆಕೆಳಗು ಮಾಡಿದರೆ, ಅಂದರೆ ಒಂದನ್ನು ಆ ಕೋನದಿಂದ ಭಾಗಿಸಿದರೆ, ದೂರ ಬಂತು. ಪ್ರತಿ ನಕ್ಷತ್ರಕ್ಕೂ ಹಾಗೆ ಮಾಡಿ, ಬಂದ ದೂರಗಳ ಸರಾಸರಿ ತೆಗೆದೆ.

ಅಲ್ಲೇ ಕೆಟ್ಟಿತು. ಎಂ67ರ ಕೋನ ಸುಮಾರು 1.15 ಮಿಲಿ ಆರ್ಕ್‌ಸೆಕೆಂಡ್ (ಒಂದು ಮಿಲಿ ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 36 ಲಕ್ಷದಲ್ಲಿ ಒಂದು ಭಾಗ), ಅಂದರೆ ದೂರ ಸುಮಾರು 2,800 ಜ್ಯೋತಿರ್ವರ್ಷ. ತೀರಾ ಮಂಕು ನಕ್ಷತ್ರಗಳಲ್ಲಿ ಅಳತೆ ಅರ್ಧ ಮಿಲಿ ಆರ್ಕ್‌ಸೆಕೆಂಡ್, ಕೆಲವೊಮ್ಮೆ ಒಂದರಷ್ಟೂ ಆಚೀಚೆ ಆಗುತ್ತದೆ. ಒಂದು ಜಾಸ್ತಿ ಬಂದರೆ ದೂರ 1,500ಕ್ಕೆ ಇಳಿಯುತ್ತದೆ. ಒಂದು ಕಡಿಮೆ ಬಂದರೆ 21,000 ದಾಟುತ್ತದೆ! ಕೋನದಲ್ಲಿ ತಪ್ಪು ಎರಡೂ ಕಡೆ ಸಮ, ದೂರದಲ್ಲಿ ಅಲ್ಲ. ಹಾಗಾಗಿ ನನ್ನ ಸರಾಸರಿ ದೂರ ಬೆಳೆದುಬಿಟ್ಟಿತು. ದೂರ ಬೆಳೆದರೆ ಅದರಿಂದ ಲೆಕ್ಕ ಹಾಕುವ ನಿಜವಾದ ಹೊಳಪೂ ಬೆಳೆಯುತ್ತದೆ, ದೂರ ಎರಡು ಪಟ್ಟಾದರೆ ಹೊಳಪು ನಾಲ್ಕು ಪಟ್ಟು. ತಿರುವು ಮೇಲೆ ಹೋಯಿತು. ಸುಮಾರು 400 ಕೋಟಿ ವರ್ಷದ ಗುಚ್ಛ ನನ್ನ ವರದಿಯಲ್ಲಿ ಎಳೆಯದಾಯಿತು. ಸೊನ್ನೆಗಿಂತ ಕೆಳಗೆ ಬಂದ ಕೋನಗಳನ್ನು 'ಇದೇನು ಅಸಂಬದ್ಧ' ಅಂತ ಸುಮ್ನೆ ಅಳಿಸಿಯೂ ಇದ್ದೆ. ಅವೂ ಅಳತೆಯ ಏರುಪೇರಿನ ಭಾಗವೇ. ವರದಿ ವಾಪಸ್ ಬಂತು, ಒಂದು ಸೆಮಿಸ್ಟರ್ ಹೋಯಿತು.

ಮೊದಲು ಕೋನಗಳ ಸರಾಸರಿ ತೆಗೆಯಿರಿ, ನಿಖರವಾದ ಅಳತೆಗಳಿಗೆ ಜಾಸ್ತಿ ಪ್ರಾಮುಖ್ಯ ಕೊಟ್ಟು. ಆಮೇಲೆ ಒಂದೇ ಸಲ ತಲೆಕೆಳಗು ಮಾಡಿ. ಅದಕ್ಕೂ ಮುಂಚೆ, ಆಕಾಶದಲ್ಲಿ ಒಟ್ಟಿಗೆ ಸಾಗದ ನಕ್ಷತ್ರಗಳನ್ನು ಪಟ್ಟಿಯಿಂದ ತೆಗೆಯಿರಿ, ಅವು ಗುಚ್ಛದವಲ್ಲ. ನೀವೂ ಎಂ67ರಿಂದಲೇ ಶುರು ಮಾಡಿ. ಆ ದಿಕ್ಕಿನಲ್ಲಿ ಧೂಳು ಕಡಿಮೆ, ಬಣ್ಣ ಅಷ್ಟಾಗಿ ಮೋಸ ಮಾಡುವುದಿಲ್ಲ.