ಮಾರ್ಟಿನ್ ಲೂಥರ್ ಕಿಂಗ್ ಅವರ ಸೆಲ್ಮಾ ಚಳವಳಿಯಿಂದ ನಿಜಕ್ಕೂ ಏನು ಬದಲಾಯಿತು?

ಮತದಾರರ ಪಟ್ಟಿ ಬದಲಾಯಿತು. ಕಿಂಗ್ ಬಿಟ್ಟುಹೋದದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ.

ಅಮೆರಿಕದ ಕಪ್ಪು ಜನರಿಗೆ ಮತದ ಹಕ್ಕು ಕಾಗದದ ಮೇಲೆ ಮೊದಲೇ ಇತ್ತು. ತಡೆ ಇದ್ದದ್ದು ನೋಂದಣಿ ಕಚೇರಿಯಲ್ಲಿ. ಅಲಬಾಮಾದ ಸೆಲ್ಮಾದಲ್ಲಿ ಅದು ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. ಸರತಿಯಲ್ಲಿ ಕಾದು ಒಳಗೆ ಹೋದರೆ, ಸಂವಿಧಾನದ ಸಾಲುಗಳಿಗೆ ಅರ್ಥ ಹೇಳಿಸುವ ‘ಸಾಕ್ಷರತಾ ಪರೀಕ್ಷೆ’. ಉತ್ತರ ಸರಿಯೋ ತಪ್ಪೋ ಎಂಬುದು ಬಿಳಿಯ ಅಧಿಕಾರಿಯ ಮರ್ಜಿ.

1965ರ ಮಾರ್ಚ್ 7ರಂದು (ಕಿಂಗ್ ಅಂದು ಅಲ್ಲಿರಲಿಲ್ಲ) ಮತದ ಹಕ್ಕು ಕೇಳಿ ಮೆರವಣಿಗೆ ಹೊರಟು ಸೆಲ್ಮಾದ ಸೇತುವೆ ದಾಟಿ ಬಂದ ನಿರಾಯುಧ ಜನರನ್ನು ಪೊಲೀಸರು ಲಾಠಿಯಿಂದ ಬಡಿದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಆಗಸ್ಟ್ 6ಕ್ಕೆ ಮತದಾನ ಹಕ್ಕು ಕಾಯ್ದೆ ಬಂತು. ಅಲಬಾಮಾದಂತೆ ತಡೆ ಒಡ್ಡುತ್ತಿದ್ದ ರಾಜ್ಯಗಳಲ್ಲಿ ಸಾಕ್ಷರತಾ ಪರೀಕ್ಷೆ ನಿಂತಿತು. ಅಡ್ಡಿ ಮಾಡುವ ಕಡೆ ಕೇಂದ್ರದ ಅಧಿಕಾರಿಗಳೇ ಕೂತು ಹೆಸರು ಬರೆದುಕೊಂಡರು. ಮಿಸಿಸಿಪ್ಪಿಯಲ್ಲಿ ಶೇ. 7ನ್ನೂ ಮುಟ್ಟದಿದ್ದ ಕಪ್ಪು ಜನರ ನೋಂದಣಿ 1967ರ ಹೊತ್ತಿಗೆ ಸುಮಾರು ಶೇ. 60 ಆಗಿತ್ತು.